ಕಲ್ಲುಗೋಡೆಯ ಜರಿಗಿಡಕ್ಕೆ ಕಜ್ಜಿಯಂತೆ!

ಕಾಡಿನ ನಡುವೆ ಒಂದು ಪಾಳು ಕೋಟೆ. ಕೋಟೆಯೊಳಗೆ ಒಂದು ಹೊಂಡ, ಹೊಂಡದ ಸುತ್ತ ಹಳೆಯ ಗಾರೆಯ ಕಲ್ಲುಗೋಡೆ. ಮಕ್ಕಳೇ, ಆ ಗೋಡೆಯ ಬಿರುಕೊಂದರಲ್ಲಿ ಸಾವಂತ್ರವ್ವ ಎಂಬ ಕಪ್ಪೆ ತನ್ನ ಮೂರು ಮರಿಗಳೊಂದಿಗೆ ಸಂಸಾರ ಹೂಡಿದ್ದಳು.

ಬಿರುಕಿನ ಬಾಯಿಗೆ ಪರದೆ ಕಟ್ಟಿದ ಹಾಗೆ ಪುಟ್ಟ ಪುಟ್ಟ ಜರಿಗಿಡಗಳು ಇಳಿಬಿದ್ದಿದ್ದವು. ತೆಳ್ಳನೆಯ ಕರಿ ಕಡ್ಡಿ, ಅದರ ಎರಡೂ ಬದಿಗೆ ಹೆಸರುಕಾಳಿನಷ್ಟು ಎಲೆ. ಎಂಥ ಬಿಸಿಲಿಗೂ ಒಳಗೆ ತಂಪು. ಆದರೆ ಆ ವರ್ಷ ಕೋತಿಗಳು ಗೋಡೆಯ ಮೇಲೆ ಜಗಳವಾಡಿ ಗಿಡಗಳನ್ನೆಲ್ಲ ಕಿತ್ತು ಹಾಕಿದವು. ಉಳಿದದ್ದು ಮೂಲೆಯಲ್ಲಿ ಒಂದೇ ಒಂದು ಗಿಡ. ಸಾವಂತ್ರವ್ವನಿಗೆ ದಿಗಿಲಾಯಿತು. ಮುಂದಿನ ಬೇಸಿಗೆಗೆ ಗೋಡೆ ಕಾದ ಹೆಂಚಾಗುತ್ತದೆ. ನೆರಳಿಲ್ಲದಿದ್ದರೆ ಮರಿಗಳನ್ನು ಕಟ್ಟಿಕೊಂಡು ಹೊಂಡ ಬಿಡಬೇಕು, ಹತ್ತಿರದಲ್ಲೆಲ್ಲೂ ಬೇರೆ ನೀರಿಲ್ಲ.

ಅವಳು ಮುಳ್ಳಪ್ಪನನ್ನು ಕರೆತಂದಳು. ಮುಳ್ಳಪ್ಪ ಮುಳ್ಳುಹಂದಿ. ಗೆಡ್ಡೆಗೆಣಸು ಅಗೆಯುವುದರಲ್ಲಿ ಎತ್ತಿದ ಕೈ. "ಈ ಕಾಡಿನಲ್ಲಿ ನನಗೆ ಗೊತ್ತಿಲ್ಲದ ಗಿಡವಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎನ್ನುತ್ತಾರಲ್ಲ, ಇಲ್ಲಿ ಮುಳ್ಳಪ್ಪನಿಗೆ ಓತಿಕ್ಯಾತನೇ ಸಾಕ್ಷಿ. ಅವನು ಏನೆಂದರೂ ಇವನು ಹಿಂದೆ ನಿಂತು ತಲೆಯಾಡಿಸುತ್ತಿದ್ದ.

ಮುಳ್ಳಪ್ಪ ಗಿಡವನ್ನು ಮೂಸಿ ನೋಡಿದ. "ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಹೊಟ್ಟೆಗಿಲ್ಲದೆ ಹೀಗಾಗಿದೆ." ಒಂದು ಎಲೆ ಮಗುಚಿದ. ಅಡಿಯಲ್ಲಿ ಕಂದು ಚುಕ್ಕೆಗಳಿದ್ದವು. "ನೋಡು, ಕಜ್ಜಿ ಬೇರೆ ಹಿಡಿದಿದೆ. ಈ ಎಲೆಗಳನ್ನು ಕಿತ್ತು ಎಸೆ. ಬಿರುಕಿಗೆಲ್ಲ ಕಾಡೆಮ್ಮೆಯ ಸಗಣಿ ತುಂಬು."

"ಅಲ್ಲ ಮುಳ್ಳಪ್ಪಣ್ಣ, ಇಷ್ಟು ವರ್ಷ ಇದು ಬರೀ ಗಾರೆಯಲ್ಲೇ ಬೆಳೆದಿದೆಯಲ್ಲ?"

"ಗಿಡದ ವಿಷಯ ಗೊತ್ತಿರುವುದು ನನಗೋ, ನಿನಗೋ?"

ಓತಿಕ್ಯಾತ ತಲೆಯಾಡಿಸಿದ. ಮುಳ್ಳಪ್ಪ ಚುಕ್ಕೆ ಎಲೆಗಳನ್ನು ಕಿತ್ತು ಬಿಸಾಡಿಯೇ ಬಿಟ್ಟ.

ಸಾವಂತ್ರವ್ವ ಬಿದ್ದ ಎಲೆಗಳನ್ನು ಒಂದೊಂದಾಗಿ ತಿರುಗಿಸಿದಳು. ಎಲ್ಲ ಎಲೆಯಲ್ಲೂ ಚುಕ್ಕೆಗಳು ಅಂಚಿನಗುಂಟ ಒಂದೇ ಸಮನೆ ಕೂತಿದ್ದವು. ಕಜ್ಜಿ ಎಲ್ಲಾದರೂ ಸಾಲು ಹಿಡಿದು ಬರುತ್ತದೆಯೇ? ಮುಟ್ಟಿದರೆ ಬೆರಳಿಗೆ ನುಣ್ಣನೆಯ ಪುಡಿ ಹತ್ತಿತು. ಎಲೆ ಗೋಡೆಗೆ ಒರಗಿದ ಕಡೆಯಲ್ಲೇ ಪ್ರತಿ ಮಳೆಗಾಲ ಮರಿಗಿಡ ಹುಟ್ಟುತ್ತಿದ್ದದ್ದು ಆಗ ನೆನಪಾಯಿತು. ಇದು ರೋಗವಲ್ಲ, ಗಿಡದ ಸಂತಾನ!

"ಅಣ್ಣಾ, ಬಿಸಿಲಿನ ಕಡೆಯ ಗೋಡೆ ನೀವು ನೋಡಿಕೊಳ್ಳಿ. ನೆರಳಿನ ಕಡೆಯದು ನನಗಿರಲಿ" ಎಂದಳು.

"ಕಜ್ಜಿ ಬಿತ್ತುತ್ತಾಳಂತೆ" ಎಂದು ಇಬ್ಬರೂ ನಕ್ಕರು.

ಮೊದಲ ಮಳೆ ಬಿತ್ತು. ಮುಳ್ಳಪ್ಪ ಬಿಸಿಲಿನ ಗೋಡೆಯ ಬಿರುಕಿಗೆ ಕಾಡೆಮ್ಮೆಯ ಸಗಣಿ ತುಂಬಿ, ಉಳಿದಿದ್ದ ಒಂದು ಗಿಡವನ್ನೂ ಕಿತ್ತು ಅದರಲ್ಲಿ ನೆಟ್ಟ. ಸಾವಂತ್ರವ್ವ ಪಾಚಿ ಕಟ್ಟಿದ ಸಂದುಗಳಿಗೆ ಆ ಕಂದು ಪುಡಿಯನ್ನು ಉದುರಿಸಿದಳು. ಮಳೆ ಬಿಡುವು ಕೊಟ್ಟ ದಿನ ಹೊಂಡಕ್ಕೆ ಹಾರಿ, ಒದ್ದೆ ಮೈಯಲ್ಲೇ ಗೋಡೆಗೆ ಬಂದು ನೀರು ಹನಿಸಿದಳು.

ಹದಿನೈದು ದಿನದಲ್ಲಿ ಮುಳ್ಳಪ್ಪನ ಗಿಡ ಕೊಳೆತು ಕಪ್ಪಾಯಿತು. ಸಗಣಿ ಮಳೆನೀರಿನೊಂದಿಗೆ ಇಳಿದು ಹೋಯಿತು. ಸಾವಂತ್ರವ್ವನ ಗೋಡೆಯಲ್ಲೂ ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಆದರೂ ಅವಳು ನೀರು ಹನಿಸುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಸಂದಿನಲ್ಲಿ ಉಗುರಿಗಿಂತ ಸಣ್ಣ ಹಸಿರು ಬಿಲ್ಲೆಗಳು ಕಂಡವು. ಆಮೇಲೆ ಅವುಗಳಿಂದ ಚಕ್ಕುಲಿಯಂತೆ ಸುತ್ತಿಕೊಂಡ ಎಳೆ ಎಲೆಗಳು ಎದ್ದವು. ಸುಗ್ಗಿ ಮುಗಿಯುವಷ್ಟರಲ್ಲಿ ನೆರಳಿನ ಗೋಡೆಗೆ ಗೋಡೆಯೇ ಹಸಿರಾಯಿತು. ಸಾವಂತ್ರವ್ವ ಸಂತೋಷ ತಡೆಯಲಾರದೆ ಹಾಡುಹಗಲೇ ವಟಗುಟ್ಟಿದಳು.

ಬೇಸಿಗೆ ಬಂತು. ಬಿಸಿಲಿನ ಕಡೆಯ ಗೋಡೆಯ ಮೇಲೆ ಕಾಲಿಡುವಂತಿರಲಿಲ್ಲ. ಈ ಕಡೆ ಜರಿಗಿಡದ ಹಿಂದೆ ಮೂರು ಮರಿಗಳು ತಂಪಾಗಿ ನಿದ್ದೆ ಹೊಡೆಯುತ್ತಿದ್ದವು. ಕಾಡಿನವರೆಲ್ಲ ನೋಡಲು ಬಂದರು. ಕೊನೆಗೆ ಮುಳ್ಳಪ್ಪನೂ ಬಂದು ತಲೆ ತಗ್ಗಿಸಿ ನಿಂತ.

"ಸಾವಂತ್ರವ್ವ, ಮಳೆ ಬರುವ ಮೊದಲು ನನಗೂ ನಾಲ್ಕು ಎಲೆ ಕೊಡುತ್ತೀಯಾ?"

"ಅದಕ್ಕೇನಣ್ಣ, ಧಾರಾಳವಾಗಿ ತಗೊಳ್ಳಿ" ಎಂದಳು ಸಾವಂತ್ರವ್ವ. "ಕಜ್ಜಿ ಹಿಡಿದದ್ದನ್ನೇ ಆರಿಸಿಕೊಳ್ಳಿ."

ನೀತಿ: ಎಲ್ಲ ಬಲ್ಲೆನೆಂಬ ಜಂಬ ಬೀಜವನ್ನೂ ರೋಗವೆನ್ನುತ್ತದೆ, ಬಗ್ಗಿ ನೋಡಿ ತಿಳಿದವರಿಗೆ ಕಲ್ಲಿನಲ್ಲೂ ಹಸಿರು ಚಿಗುರುತ್ತದೆ.