ದಪ್ಪ ತಂತಿಯ ಮಡಿ

ಇದನ್ನು ಮೊದಲು ಹೇಳಿದ್ದು ನಮ್ಮ ಸರಸಿಜತ್ತೆ. ಹೊಸ ಮನೆಯೊಂದರಲ್ಲಿ ಬ್ಯಾಟರಿ ಬೆಲ್ಲಿನ ಸಣ್ಣ ತಂತಿ, ಕರೆಂಟಿನ ದಪ್ಪ ತಂತಿಯಿದ್ದ ಪೈಪಿಗೇ ನುಗ್ಗಹೊರಟಿತಂತೆ.

“ದೂರ ನಿಲ್ಲು. ನಿನಗೆ ಬೇರೆ ಪೈಪಿದೆ” ಎಂದಿತು ದಪ್ಪ ತಂತಿ.

“ಯಾಕೆ ದೊಡ್ಡಪ್ಪ, ಮಡಿಯಲ್ಲಿದ್ದೀರೋ?”

“ಮಡಿಯಲ್ಲ ಕಣೋ. ನನ್ನ ಸಿಪ್ಪೆ ಹರಿದ ದಿನ ನೀನು ಮೈಗೆ ಅಂಟಿಕೊಂಡಿದ್ದರೆ, ಬೆಲ್ ಒತ್ತಿದ ಬೆರಳಿಗೆ ಶಾಕ್ ಹೊಡೆದೀತು.”

ಸಣ್ಣ ತಂತಿಗೆ ಅವಮಾನವೇ ಆಯಿತು. ಮುಖ ಊದಿಸಿಕೊಂಡು ಬೇರೆ ಪೈಪಿಗೆ ಹೋಯಿತು.

ಒಂದು ದಿನ ಅಟ್ಟದ ಇಲಿ ದಪ್ಪ ತಂತಿಯನ್ನು ಕಚ್ಚಿತು. ಮನೆಯ ಕರೆಂಟೆಲ್ಲ ಹೋಯಿತು. ಸ್ವಲ್ಪ ಹೊತ್ತಿಗೆ ಬೆಲ್ ಮಾತ್ರ ಟ್ರಿಂಗ್ ಎಂದಿತು.

“ದೊಡ್ಡಪ್ಪ, ನಿಮ್ಮ ರಿಪೇರಿಯವರು ಬಂದರು” ಎಂದು ಸಣ್ಣ ತಂತಿ ಕೂಗಿತು. “ಬೆಲ್ ಒತ್ತಿದ ಬೆರಳು ಕ್ಷೇಮ. ನಿಮ್ಮ ಮಡಿ ಹೀಗೇ ಇರಲಿ.”

ಮನೆ ಕಟ್ಟಿಸುವವರು ಸಿಕ್ಕರೆ ನೀವೂ ಅವರ ಕಿವಿಗೆ ಇದನ್ನು ಹಾಕಿ.