ಹೊಳೆ ದಡದ ಬೇವಿನ ಕೊಂಬೆ

"ಗುರುಗಳೇ, ಗಡಿ ಮುಚ್ಚಿದ್ದಾರೆ. ಯುದ್ಧಕ್ಕೆ ಹೆದರಿ ಓಡಿಬಂದ ಜನ ಬೇಲಿಯಾಚೆ ಹಸಿದು ಕೂತಿದ್ದಾರೆ. ನಾಳೆ ಎಲ್ಲರೂ ಒಟ್ಟಿಗೆ ಬೇಲಿಗೆ ನುಗ್ಗಿ ಎಂದು ಅವರಿಗೆ ಹೇಳಿಕಳಿಸಬೇಕೆಂದಿದ್ದೇವೆ. ಲೋಕ ನೋಡುತ್ತದೆ, ಅರಸನಿಗೆ ನಾಚಿಕೆಯಾಗುತ್ತದೆ. ಸರಿಯಲ್ಲವೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಎರಡು ರಾಜ್ಯಗಳ ನಡುವೆ ಒಂದು ಹೊಳೆ. ದೋಣಿ ಇರಲಿಲ್ಲ, ಜನ ನಡೆದೇ ದಾಟುತ್ತಿದ್ದರು. ಈಚೆ ದಡದಲ್ಲಿ ಒಬ್ಬ ಮೀನುಗಾರ. ದಿನವೂ ಮುಂಜಾನೆ ಅವನು ನಡುಹೊಳೆಯ ತನಕ ಇಳಿದು ನೋಡುತ್ತಿದ್ದ. ನೀರು ಸೊಂಟಕ್ಕಿಂತ ಕೆಳಗಿದ್ದರೆ ಒದ್ದೆ ಪಂಚೆಯಲ್ಲೇ ಬಂದು ದಡದ ಮೇಲೆ ಒಂದು ಬೇವಿನ ಕೊಂಬೆ ನೆಡುತ್ತಿದ್ದ. ಒಣಬಟ್ಟೆಯವರು ಆ ಕೊಂಬೆ ಮುಟ್ಟಬಾರದೆಂಬುದು ಅಲ್ಲಿನ ಕಟ್ಟಳೆ. ಕೊಂಬೆ ಕಂಡರೆ ಆಚೆಯವರು ಹಿಂದುಮುಂದು ನೋಡದೆ ನೀರಿಗಿಳಿಯುತ್ತಿದ್ದರು.

ಆಚೆ ರಾಜ್ಯದಲ್ಲಿ ಯುದ್ಧ ಹತ್ತಿತು. ಜನ ಮಕ್ಕಳುಮರಿ ಕಟ್ಟಿಕೊಂಡು ಹೊಳೆಯ ತನಕ ಬಂದರು. ಈಚೆಯ ಅರಸ ಯಾರೂ ದಾಟಕೂಡದೆಂದು ಕಾವಲು ಹಾಕಿಸಿದ. ಕೊಂಬೆ ನೆಡುವುದು ನಿಂತಿತು. ಇಲ್ಲದ ಉಸಾಬರಿ ನಮಗೇಕೆ ಎಂದು ಊರಿನವರು ಬಾಗಿಲು ಹಾಕಿಕೊಂಡರು. ಒಬ್ಬ ವ್ಯಾಪಾರಿ ಮಾತ್ರ ಕಾವಲುಗಾರರ ಕಣ್ಣು ತಪ್ಪಿಸಿ ಆಚೆಗೆ ರೊಟ್ಟಿ ಕಳಿಸುತ್ತಿದ್ದ. ಅವನ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ.

ಒಂದು ದಿನ ಪರದೇಶದ ರಾಯಭಾರಿಯೊಬ್ಬ ಹೊಳೆಯ ಬಳಿ ಬಂದಿಳಿದ. ಅವನೆದುರು ಜನ ದಾಟಿ ಬಂದರೆ ಕಾವಲುಗಾರರು ಕೈಯೆತ್ತಲಾರರೆಂದು ವ್ಯಾಪಾರಿ ಎಣಿಸಿದ. ಮೀನುಗಾರನ ಬಳಿ ಹೋಗಿ ಕೊಂಬೆ ನೆಡು ಎಂದ.

"ಬ್ಯಾಡಿ ಸಾವ್ಕಾರ್ರೇ. ಮ್ಯಾಗಡೆ ಮಳೆಯಾಗೈತೆ, ನೀರು ಕುತ್ತಿಗೆಮಟ್ಟ ಬಂದೈತೆ. ಎಲ್ಡು ದಿನ ತಡೀರಿ."

"ಎರಡು ದಿನ ಬಿಟ್ಟರೆ ರಾಯಭಾರಿ ಇರೋದಿಲ್ಲ. ನೋಡೋರು ಇರೋದು ಇವತ್ತೇ," ಎಂದ ವ್ಯಾಪಾರಿ, ನೀರಿಗಿಳಿಯದೆ ಒಣಪಂಚೆಯಲ್ಲೇ ಹೋಗಿ ತಾನೇ ಕೊಂಬೆ ನೆಟ್ಟ.

ಆಚೆಯವರು ಇಳಿದರು. ಕಾವಲುಗಾರರು ನಿಜಕ್ಕೂ ಕೈಯೆತ್ತಲಿಲ್ಲ. ನಡುಹೊಳೆಯ ಸೆಳೆತಕ್ಕೆ ಸಿಕ್ಕಿ ಏಳು ಜನ ಹೋದರು. ಅವರಲ್ಲಿ ಒಬ್ಬಳು ಎಳೆಗೂಸಿನ ತಾಯಿ. ಕೂಸು ಗಂಡನ ಹೆಗಲ ಮೇಲಿತ್ತು, ಉಳಿಯಿತು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅರಸನಿಗೆ ನಾಚಿಕೆಯೂ ಆಯಿತು. ತಿಂಗಳೊಳಗೆ ಕಾವಲು ತೆಗೆಸಿದ. ಊರು ವ್ಯಾಪಾರಿಯನ್ನು ಹಾಡಿ ಹೊಗಳಿತು. ಆ ಹೊಗಳಿಕೆಯ ನಡುವೆ ಕೂಸನ್ನೆತ್ತಿಕೊಂಡು ಅದರ ತಂದೆ ಅವನ ಬಾಗಿಲಿಗೆ ಬಂದ. ಜಗಳಕ್ಕೆ ಬಂದಿರಲಿಲ್ಲ.

"ನೀರು ನೋಡಿ ಅವಳು ಹೆದರಿಕಂಡಿದ್ಲು ಧಣಿ. ಕೊಂಬೆ ನೆಟ್ಟವ್ರೆ ಅಂದ್ರೆ ಯಾರೋ ಇಳಿದು ನೋಡಿರ್ತಾರೆ ಬಾ ಅಂತ ನಾನೇ ಕೈಹಿಡಿದು ಇಳಿಸಿದೆ," ಎಂದ. ಅಷ್ಟು ಹೇಳಿ ಹೊರಟುಹೋದ. ವ್ಯಾಪಾರಿ ಆಮೇಲೆ ಆ ಹೊಳೆಯ ಕಡೆ ತಲೆಹಾಕಲಿಲ್ಲ.

ನಿಜಗುಣನಿಗೆ ಕೋಪ ಬಂತು. "ಹಾಗಾದರೆ ಬಾಗಿಲು ಹಾಕಿಕೊಂಡು ಕೂತವರೇ ಒಳ್ಳೆಯವರೇ, ಗುರುಗಳೇ?"

"ಅವರ ಪಾಪ ಅವರಿಗಿದೆ ಮಗು, ಕರೆಯಲು ಹೊರಟವನು ನೀನು, ನಿನ್ನ ಪಂಚೆ ಒದ್ದೆಯಾಗಿದೆಯೇ?"