ಮುಟ್ಟದೆ ನುಡಿಸುವ ಪೆಟ್ಟಿಗೆ

"ಈ ದಾರಿ ಹೊಳೆಗೆ ಹೋಗುತ್ತದಾ, ಇಲ್ಲ ಇದೂ ನನ್ನನ್ನು ಸುತ್ತಿಸಿ ಇಲ್ಲಿಗೇ ತಂದು ಬಿಡುತ್ತದಾ?"

ಕುಮುದಾ ಕೇಳಿದಳು. ಹೆಗಲ ಚೀಲ ಬೆನ್ನನ್ನು ಜಗ್ಗುತ್ತಿತ್ತು. ಎದುರಿಗಿದ್ದ ಹೆಂಗಸು ಆಡುಗಳಿಗೆ ಸೊಪ್ಪು ಮುರಿಯುತ್ತಿದ್ದಳು. ಅವಳ ಹೆಸರು ಸಾಕಮ್ಮ.

"ಎಲ್ಲಿಗವ್ವಾ ಹೋಗ್ಬೇಕು?"

"ರಂಗನಾಯಕಮ್ಮನವರ ಆಶ್ರಮಕ್ಕೆ. ಕರೆಂಟಿನ ವಾದ್ಯ ಕಲಿಸುತ್ತಾರಲ್ಲ, ಅವರು. ಮೊದಲು ಆಚೆ ದಡದಲ್ಲಿದ್ದರು."

"ಓ, ದೆವ್ವ ಅಳೋ ಮನೆ! ಹಂಗನ್ನಬಾರ್ದೇನೋ. ಬಾ, ನಾನೂ ಅತ್ಲಾಗೇ. ಸ್ವಲ್ಪ ಬಿರ್ರನೆ ನಡಿ. ಆಯಮ್ಮಂಗೆ ಕಿವಿ ದಿನಾ ದಿನಾ ಮಂದ ಆಯ್ತಾ ಅದೆ."

ಕುಮುದಾ ಹೆಜ್ಜೆ ಚುರುಕಾಗಿಸಿದಳು. ಆ ಸುದ್ದಿ ಕೇಳಿಯೇ ಅವಳು ಹಡಗು, ರೈಲು, ಬಸ್ಸು ಹತ್ತಿಳಿದು ಬಂದದ್ದು. ಅವಳ ಮೇಲೊಂದು ಋಣವಿತ್ತು. ಕಿವಿ ಮುಚ್ಚಿಹೋದ ಮೇಲೆ ಅದನ್ನು ತೀರಿಸುವಂತಿರಲಿಲ್ಲ.

ಕಲಿಕೆ ಮುಗಿದ ದಿನ ಗುರುಗಳಾದ ರಂಗನಾಯಕಮ್ಮ ಕೇಳಿದ ದಕ್ಷಿಣೆ ಒಂದೇ: "ನನ್ನ ಎದುರು ಥೆರೆಮಿನ್‌ನಲ್ಲಿ ಒಂದು ಜೋಗುಳ ನುಡಿಸು. ನಡುವೆ ನಿಲ್ಲಿಸಬೇಡ."

ಥೆರೆಮಿನ್ ಎಂದರೆ ಎರಡು ಲೋಹದ ಕಡ್ಡಿಗಳಿರುವ ಮರದ ಪೆಟ್ಟಿಗೆ. ಅದನ್ನು ಮುಟ್ಟುವಂತಿಲ್ಲ, ಗಾಳಿಯಲ್ಲಿ ಕೈಯಾಡಿಸಿ ಹಾಡಿಸಬೇಕು. ಕೈ ಕಡ್ಡಿಯ ಹತ್ತಿರ ಬಂದರೆ ಸ್ವರ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ತೊಂದರೆಯೆಂದರೆ, ಪಕ್ಕದಲ್ಲಿ ಬೇರೆ ಯಾರು ಸುಳಿದರೂ ಅದಕ್ಕೆ ತಿಳಿಯುತ್ತದೆ. ಶ್ರುತಿ ಅಲುಗುತ್ತದೆ.

ಬಾಗಿಲು ಹಾಕಿಕೊಂಡರೆ ಕುಮುದಾ ಸೊಗಸಾಗಿಯೇ ನುಡಿಸುತ್ತಿದ್ದಳು. ಗುರುಗಳು ಬಂದು ಕೂತರೆ ಶ್ರುತಿ ಜಾರುತ್ತಿತ್ತು, ಅದರ ಹಿಂದೆಯೇ ಅವಳ ಧೈರ್ಯವೂ. ಒಂದು ದಿನ ಜೋಗುಳವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೊರಟವಳು, ದೇಶ ದೇಶಗಳ ಬಂದರುಪೇಟೆಗಳಲ್ಲಿ ಕೀಲಿಮಣೆಯಿರುವ ಹಳೆಯ ಸಿಂಥಸೈಜರು, ತಾನೇ ತಾಳ ಹಾಕುವ ಡ್ರಮ್ ಮಷೀನು ಹುಡುಕುತ್ತ ಅಲೆದಳು. ಯಾರು ಬಂದರೂ ಹೋದರೂ ಅಲುಗದ ವಾದ್ಯ ಅವಳಿಗೆ ಬೇಕಿತ್ತು.

ಆಶ್ರಮವೆಂದರೆ ಹೊಳೆಯ ದಡದ ಹಳೇ ಪಂಪ್‌ಹೌಸು. ಗುರುಗಳು ಚಾಪೆಯ ಮೇಲೆ ಕೂತು, ಬಿಚ್ಚಿಟ್ಟ ಕೀಬೋರ್ಡಿನ ಧೂಳು ಊದುತ್ತಿದ್ದರು.

"ಬಂದೆಯಾ? ಜೋರಾಗಿ ಮಾತಾಡು. ಬಲಗಿವಿ ಅಂಗಡಿ ಮುಚ್ಚಿತು. ಎಡಗಿವಿಯಲ್ಲಿ ಚೂರುಪಾರು ವ್ಯಾಪಾರ ಇದೆ."

ಕುಮುದಾ ನಮಸ್ಕರಿಸಿ, ಅವಸರವಸರವಾಗಿ ಚೀಲ ಬಿಚ್ಚಿದಳು. ಸಣ್ಣದೊಂದು ಸಿಂಥಸೈಜರು, ಒಂದು ಡ್ರಮ್ ಮಷೀನು ಹೊರಬಂದವು.

"ಅಮ್ಮಾ, ಋಣ ತೀರಿಸೋದಕ್ಕೇ ಬಂದೆ. ಆದರೆ ಇವುಗಳಲ್ಲಿ ನುಡಿಸುತ್ತೇನೆ. ಇವು ಕೈಕೊಡುವುದಿಲ್ಲ."

ಗುಂಡಿ ಒತ್ತಿದಳು. ತಾಳ ಶುರುವಾಯಿತು, ಒಂದಿನಿತೂ ತಪ್ಪದೆ.

ಗುರುಗಳು ಎಡಗಿವಿ ಕೊಟ್ಟು ಕೇಳಿದರು. ತಲೆದೂಗಿದರು. ಆಮೇಲೆ ಕುಮುದಾಳ ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂರಿಸಿದರು. ಏನೋ ನಡೆಯುತ್ತಿದೆಯೆಂದು ಸಾಕಮ್ಮನೂ ಹಿಂದೆ ಬಂದಳು.

ಖಾಲಿ ಕೋಣೆಯಲ್ಲಿ ತಾಳ ಬಡಿಯುತ್ತಲೇ ಇತ್ತು.

"ನಾವು ಎದ್ದು ಬಂದದ್ದು ಅದಕ್ಕೆ ಗೊತ್ತಾಯಿತಾ?" ಎಂದರು ಗುರುಗಳು.

"ಇಲ್ಲ."

"ಪಾಪ."

ಕುಮುದಾ ತಲೆ ತಗ್ಗಿಸಿದಳು.

"ಒಳ್ಳೆಯ ಯಂತ್ರವೇ. ನಾನೂ ಒಂದು ಇಟ್ಟುಕೊಂಡಿದ್ದೇನೆ. ಆದರೆ ನೀನು ತೀರಿಸಬೇಕಾದ ಸಾಲ ಅದಲ್ಲವಲ್ಲ, ಮಗಳೇ."

ಮತ್ತೆ ಒಳಗೆ ಬಂದರು. ಕುಮುದಾ ತಾಳ ನಿಲ್ಲಿಸಿದಳು. ಗುರುಗಳು ಮೂಲೆಯಲ್ಲಿದ್ದ ಥೆರೆಮಿನ್‌ನ ಹೊದಿಕೆ ತೆಗೆದರು. ಕುಮುದಾ ಹಿಂಜರಿಯುತ್ತ ಅದರ ಮುಂದೆ ನಿಂತಳು.

"ಸ್ವಲ್ಪ ಹೊತ್ತು ಆಚೆ ಇರಿ ಅಮ್ಮಾ. ಶ್ರುತಿ ಮಾಡಿಕೊಂಡು ಕರೆಯುತ್ತೇನೆ."

ಗುರುಗಳು ಕದಲಲಿಲ್ಲ.

"ಯಾರಿಗೆ ನುಡಿಸುತ್ತೀ?"

"ನಿಮಗೆ."

"ಮತ್ತೆ ಶ್ರುತಿ ಮಾಡುವಾಗ ನನ್ನನ್ನೇ ಯಾಕೆ ಆಚೆ ಅಟ್ಟುತ್ತೀ?"

ಕುಮುದಾ ಪೆಟ್ಟಿಗೆಯ ಕಡೆ ತಿರುಗಿದಳು. ಇಷ್ಟು ವರ್ಷವೂ ಯಾರೂ ಇಲ್ಲದಾಗ ಶ್ರುತಿ ಕೂಡಿಸಿ, ಆಮೇಲೆ ಬಂದವರೆಲ್ಲ ಅಪಶ್ರುತಿ ತರುವವರೆಂದು ಹೆದರಿದ್ದಳು.

ಗುರುಗಳು ಪೆಟ್ಟಿಗೆಯ ಮಗ್ಗುಲಿಗೇ ಚಾಪೆ ಎಳೆದುಕೊಂಡರು. ಸಾಕಮ್ಮನ ಸೆರಗು ಜಗ್ಗಿ ಪಕ್ಕದಲ್ಲಿ ಕೂರಿಸಿದರು.

"ನಾನ್ಯಾಕ್ರವ್ವಾ? ನಂಗೇನ್ ತಿಳೀತದೆ?"

"ಸುಮ್ಮನೆ ಕೂತ್ಕೊಳೇ. ಅದಕ್ಕೆ ನೀನು ತಿಳೀತೀಯ."

ಇಬ್ಬರನ್ನೂ ಇಟ್ಟುಕೊಂಡೇ ಕುಮುದಾ ಶ್ರುತಿ ಕೂಡಿಸಿದಳು. ಕೈಯೆತ್ತಿದಳು.

ಜೋಗುಳ ನಡುಗುತ್ತ ಶುರುವಾಯಿತು. ಗುರುಗಳಿಗೆ ಕೇಳಿಸುತ್ತಿದೆಯೋ ಇಲ್ಲವೋ ಎಂಬ ದಿಗಿಲು ಅವಳ ಬೆರಳಿಗಿಳಿಯುತ್ತಿತ್ತು. ಬೆರಳು ನಡುಗಿದಷ್ಟೂ ಸ್ವರ ನಡುಗುತ್ತಿತ್ತು. ಆದರೂ ಸಾಗಿತು.

ನಡುಮಧ್ಯೆ ಹೊರಗೆ ಆಡುಗಳು ಒಟ್ಟಿಗೆ ಅರಚಿಕೊಂಡವು.

"ಥೂ, ಇವುಕ್ಕೆ ನನ್ನ ಸುಖ ಕಂಡ್ರಾಗಕಿಲ್ಲ," ಎಂದು ಸಾಕಮ್ಮ ಎದ್ದೇಬಿಟ್ಟಳು.

ಸ್ವರ ಕೆಳಕ್ಕೆ ಜಾರಿತು. ಇಂಥ ಜಾಗದಲ್ಲೇ ಕುಮುದಾ ಯಾವಾಗಲೂ ನಿಲ್ಲಿಸುತ್ತಿದ್ದದ್ದು.

ಗುರುಗಳ ಕಡೆ ನೋಡಿದಳು. ಅವರು ಅವಳ ಕೈಯನ್ನೇ ನೋಡುತ್ತಿದ್ದರು.

ಸಾಕಮ್ಮ ಒಂದು ಹೆಜ್ಜೆ ದೂರ ಸರಿದಳು. ಕುಮುದಾಳ ಕೈ ಎಳ್ಳಷ್ಟು ಕಡ್ಡಿಯ ಹತ್ತಿರ ಸರಿಯಿತು. ಮತ್ತೊಂದು ಹೆಜ್ಜೆ, ಮತ್ತೊಂದು ಎಳ್ಳು. ಸಾಕಮ್ಮ ಹೊಸಿಲು ದಾಟುವ ಹೊತ್ತಿಗೆ ಸ್ವರ ತನ್ನ ಜಾಗಕ್ಕೆ ಬಂದು ಕೂತಿತ್ತು.

ಅಲ್ಲಿಂದ ಜೋಗುಳ ಕೊನೆಯವರೆಗೂ ಹೋಯಿತು. ಕುಮುದಾ ಕೈ ಇಳಿಸಿದಳು.

"ಋಣ ತೀರಿತು," ಎಂದರು ಗುರುಗಳು.

"ಪೂರ್ತಿ ಕೇಳಿಸಿತಾ ಅಮ್ಮಾ?"

"ಅರ್ಧ ಕೇಳಿಸಿತು. ಇನ್ನರ್ಧ ಕಾಣಿಸಿತು. ಸಾಕಮ್ಮ ಎದ್ದಾಗ ನಿನ್ನ ಕೈ ಅವಳನ್ನು ಹೊಸಿಲ ತನಕ ಕಳಿಸಿಕೊಟ್ಟು ಬಂತು."